ಆಡಿನ ಹಟ್ಟಿಗೆ ಅಂಗಿ ತೊಡಿಸಿದ್ದು

ಆ ದಿನ ಮಾಡಿದ ಕೆಲಸಗಳು ಹೀಗಿದ್ದವು. ಉದ್ದಿನ ಹಿಟ್ಟು ಉಕ್ಕಿ ಫ್ರಿಜ್ಜಿನ ಮೇಲಿನ ತಟ್ಟೆಯಿಂದ ಕೆಳಗಿನ ತಟ್ಟೆಗೆ ಇಳಿದಿತ್ತು, ಅದನ್ನು ಒರೆಸಿದೆ. ಏಸಿಯ ಜಾಲರಿ ತೊಳೆದು ಬಾಲ್ಕನಿಯಲ್ಲಿ ಇಟ್ಟೆ. ತಿರುಗಿ ನೋಡುವಷ್ಟರಲ್ಲಿ ಒಣಗಿತ್ತು. ಅತ್ತೆಯ ಬಿ.ಪಿ. ಮಾತ್ರೆ ತಂದೆ. ಮಗಳ ಯೂನಿಫಾರ್ಮಿನ ಅಂಚು ಬಿಚ್ಚಿ ಉದ್ದ ಮಾಡಿದೆ. ಬಂಗುಡೆಗೆ ಮಸಾಲೆ ಹಚ್ಚಿಟ್ಟೆ. ಸಂಜೆ ಚಾ ಕುಡಿಯುತ್ತಾ ಒಂದು ಆಡಿನ ಹಟ್ಟಿಗೆ ಇನ್ಸುಲೇಷನ್ ಆರಿಸುವ ಜವಾಬ್ದಾರಿಯನ್ನು ವಹಿಸಿಕೊಂಡೆ.

ಎಲ್ಲಕ್ಕಿಂತ ಸುಲಭದ ಕೆಲಸ ಕೊನೆಯದೇ ಅಂತ ಕಂಡಿತ್ತು!

ನಾವಿರುವುದು ದುಬೈಯ ಅಲ್ ಕುಸೈಸಿನ ಒಂದು ಫ್ಲಾಟಿನಲ್ಲಿ. ನಮಗೂ ಆಡಿನ ಹಟ್ಟಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಬಂದದ್ದು ನನ್ನ ಅತ್ತೆಯಿಂದ. ನಾವು ಅವರನ್ನು ಮಾಂಯ್ ಅನ್ನುತ್ತೇವೆ. ಕಿನ್ನಿಗೋಳಿಯಿಂದ ವಿಸಿಟ್ ವೀಸಾದಲ್ಲಿ ಬಂದಿದ್ದರು. ನಾವು ಕೊಂಕಣಿ ಕ್ರಿಸ್ತುವರು ಸೆಪ್ಟೆಂಬರಿನಲ್ಲಿ ಮಾಡುವ ತೆನೆ ಹಬ್ಬ, ಅಂದರೆ ಹೊಸಕ್ಕಿಯ ಹಬ್ಬ, ಹತ್ತಿರ ಬಂದಾಗ, "ಇಲ್ಲಿ ಎಲ್ಲರೂ ಎಲ್ಲಿ ಕೂತು ಹೊಸಕ್ಕಿ ಉಣ್ಣುವುದು?" ಅಂತ ಕೇಳಿದರು.

ನಾನು ಸಹಜವಾಗಿ ಹೇಳಿದೆ, "ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ತೆನೆ ಕೊಡ್ತಾರೆ ಮಾಂಯ್. ಅವರವರು ಅವರವರ ಫ್ಲಾಟಿಗೆ ತಗೊಂಡು ಹೋಗ್ತಾರೆ."

"ಪಾರ್ಸೆಲ್ಲಾ?"

"ಹಾಗೇ ಅಂದ್ಕೊಳ್ಳಿ."

"ತೆನೆಯನ್ನು ಪಾರ್ಸೆಲ್ ತಿನ್ನುವುದಾ! ಹೊಸಕ್ಕಿ ಉಣ್ಣುವಾಗ ಎಲ್ಲರೂ ಒಂದೇ ಮಾಡಿನಡಿ, ಒಂದೇ ಸೂರಿನ ಕೆಳಗೆ ಕೂರಬೇಕು. ಇಲ್ಲದಿದ್ದರೆ ಅದು ಹಬ್ಬ ಅಲ್ಲ, ಬರೀ ಊಟ." ಹೀಗೆಂದು ಕಪಾಟಿನ ಮೇಲಿದ್ದ ಸೂಟ್‌ಕೇಸ್ ಇಳಿಸಿ ಸೀರೆ ಮಡಚತೊಡಗಿದರು. "ವಿನ್ಸಿಗೆ ಹೇಳು, ಹಬ್ಬದ ಮೊದಲು ನನಗೆ ಟಿಕೆಟ್ ಮಾಡಲಿಕ್ಕೆ."

ವಿನ್ಸಿ ಅಂದರೆ ನನ್ನ ಗಂಡ. ತಾಯಿ ಮುನಿಸಿಕೊಂಡು ಹಬ್ಬದ ಮೊದಲೇ ಊರಿಗೆ ಇಳಿದರೆ ಕಿನ್ನಿಗೋಳಿಯಲ್ಲಿ ನಮ್ಮ ಮರ್ಯಾದೆ ಏನಾದೀತು? ಅದಕ್ಕಿಂತ ಹೆಚ್ಚಾಗಿ, ಆಕೆಯ ಮುಖ ನೋಡಲಿಕ್ಕೆ ಆಗುತ್ತಿರಲಿಲ್ಲ. ವಿನ್ಸಿ ತನ್ನ ಅರ್ಬಾಬಿನ ಹತ್ತಿರ, ಅಂದರೆ ಅವರ ಕಂಪೆನಿಯ ಧಣಿಯ ಹತ್ತಿರ, ಅಳುಮುಖ ಮಾಡಿದರು. ಅರ್ಬಾಬಿಗೆ ಖವಾನೀಜ್ ಕಡೆ ಒಂದು ತೋಟ ಇದೆ. ಆಡುಗಳಿಗೆ ಅಲ್ಲಿ ಹೊಸ ಹಟ್ಟಿ ಕಟ್ಟಿಸಿದ್ದರಿಂದ ಹಳೆಯದು ಖಾಲಿ ಬಿದ್ದಿತ್ತು. ಉದ್ದ, ಅಗಲ, ತಗಡಿನ ಮಾಡು. "ತಗೋ, ಹಾಲ್ ಮಾಡ್ಕೋ. ಎರಡು ಹಳೆ ಏಸಿಯೂ ಕೊಡ್ತೇನೆ. ಯಲ್ಲಾ!" ಅಂದುಬಿಟ್ಟರು. ದೊಡ್ಡ ಮನಸ್ಸು.

ಮಾಂಯ್ ಸೀರೆಗಳನ್ನು ವಾಪಸ್ ಕಪಾಟಿಗೆ ಇಟ್ಟರು. ಸೂಟ್‌ಕೇಸನ್ನು ಮಾತ್ರ ಕೆಳಗೇ ಬಿಟ್ಟರು. ಎಚ್ಚರಿಕೆಗೆ!

ತಗಡಿನ ಮಾಡಿನಡಿ ಹೊಕ್ಕು ನೋಡಿದೆವು. ದುಬೈಯ ಸೆಪ್ಟೆಂಬರ್. ಒಳಗೆ ಹೋದ ವಿನ್ಸಿ ಹೊರಗೆ ಬರುವಾಗ ಹಪ್ಪಳದ ಬಣ್ಣಕ್ಕೆ ತಿರುಗಿದ್ದರು. ಬಿಸಿ ತಡೆಯುವ ಹೊದಿಕೆ, ಅಂದರೆ ಇನ್ಸುಲೇಷನ್, ಇಲ್ಲದೆ ಆಗದು ಎಂದಾಯಿತು.

"ನಾನು ಆರಿಸ್ತೇನೆ," ಸಂಜೆ ಚಾ ಕುಡಿಯುತ್ತಾ ಅಂದೆ.

"ನೀನಾ?"

"ಬಿಸಿಯದ್ದನ್ನು ಬಿಸಿಯಾಗಿ, ತಣ್ಣಗಿನದ್ದನ್ನು ತಣ್ಣಗೆ ಇಡುವುದು ತಾನೇ? ಮದುವೆಯಾದಲ್ಲಿಂದ ನಾನು ಮತ್ತೆಂತ ಮಾಡ್ತಾ ಇದ್ದೇನೆ?"

ಅಲ್ ಕೂಜಿನ ಒಂದು ಗೋದಾಮಿಗೆ ಹೋದೆವು. ಅಲ್ಲಿಯ ಸೇಲ್ಸ್‌ಮನ್ ಪಾಲಕ್ಕಾಡಿನ ಹುಡುಗ. ಗಾಜಿನ ಉಣ್ಣೆ, ಕಲ್ಲಿನ ಉಣ್ಣೆ, ಥರ್ಮೋಕೋಲ್, ಬೆಳ್ಳಿ ಹಾಳೆ ಅಂಟಿಸಿದ ಫೋಮ್ ಎಲ್ಲವನ್ನೂ ಸೀರೆ ಅಂಗಡಿಯವರ ಹಾಗೆ ಮೇಜಿನ ಮೇಲೆ ಹರಡಿದ. ಒಂದೊಂದೂ ಎಷ್ಟು ಬಿಸಿ ತಡೆಯುತ್ತದೆ ಎಂದು ಏನೇನೋ ನಂಬರು ಹೇಳಿದ. ನಾನು ಗಂಭೀರವಾಗಿ ತಲೆಯಾಡಿಸಿ ನನ್ನ ಮೂಲಭೂತ ಪ್ರಶ್ನೆ ಕೇಳಿದೆ: "ಇದರಲ್ಲಿ ಸುತ್ತಿಟ್ಟರೆ ಗಂಜಿ ಎಷ್ಟು ಹೊತ್ತು ಬಿಸಿ ಇರ್ತದೆ?"

ಅವನು ವಿನ್ಸಿಯ ಮುಖ ನೋಡಿದ. ವಿನ್ಸಿ ಫ್ಯಾನ್ ನೋಡಿದರು.

"ಮೇಡಂ, ಇದುವರೆಗೆ ಯಾರೂ ಕೇಳಿಲ್ಲ."

"ಅದಕ್ಕೇ ಜನ ಮೋಸ ಹೋಗುವುದು," ಎಂದು ಎಲ್ಲದರ ಸ್ಯಾಂಪಲ್ ಹೊತ್ತು ಮನೆಗೆ ತಂದೆ.

ಮರುದಿನ ನಾನು ತರಕಾರಿಗೆ ಹೋಗಿ ಬರುವಷ್ಟರಲ್ಲಿ ಗಾಜಿನ ಉಣ್ಣೆ ಕಾಣೆಯಾಗಿತ್ತು. ಮಾಂಯ್ ಸೋಫಾದಲ್ಲಿ ಕೂತು ಸಂತೋಷದಿಂದ ಸೂಜಿ ನೂಲು ಎತ್ತಿಡುತ್ತಿದ್ದರು.

"ಇಲ್ಲಿಯ ಹತ್ತಿ ಹಳದಿ ಅಲ್ವಾ?" ಅಂದರು. "ವಿನ್ಸಿಗೆ ಕುತ್ತಿಗೆ ನೋವು ಅಂತಿದ್ದ. ಒಂದು ದಿಂಬು ಮಾಡಿಟ್ಟಿದ್ದೇನೆ. ಕೈ ಮಾತ್ರ ಯಾಕೋ ತುರಿಸ್ತದೆ."

ನಾನು ಬಾಯಿ ತೆರೆಯುವ ಮೊದಲೇ ವಿನ್ಸಿ ಆ ದಿಂಬಿನ ಮೇಲೆ ಮಧ್ಯಾಹ್ನದ ನಿದ್ದೆ ಮುಗಿಸಿ ಮೀಟಿಂಗಿಗೆ ಹೋಗಿ ಆಗಿತ್ತು. ಮೀಟಿಂಗಿನಲ್ಲಿ ಅವರು ಎರಡೂ ಕೈಯಿಂದ ಕುತ್ತಿಗೆ ಕೆರೆದುಕೊಂಡದ್ದನ್ನು ಅರ್ಬಾಬ್ ತೀವ್ರ ಚಿಂತನೆ ಎಂದು ತಿಳಿದು ಮೆಚ್ಚಿಕೊಂಡರಂತೆ. ಗಾಜಿನ ಉಣ್ಣೆ ಸ್ಪರ್ಧೆಯಿಂದ ಹೊರಬಿತ್ತು. ಕಲ್ಲಿನ ಉಣ್ಣೆ ಅದರ ತಮ್ಮನಂತೆ ಕಂಡದ್ದರಿಂದ ಅದನ್ನೂ ಹೊರಗೆ ಹಾಕಿದೆ.

ಥರ್ಮೋಕೋಲ್ ಗೆದ್ದಿತು. ನನ್ನ ತರ್ಕ ಬಿಗಿಯಾಗಿತ್ತು. ಮಲ್ಪೆಯ ಮೀನು ಬೆಂಗಳೂರಿಗೆ ಯಾವುದರಲ್ಲಿ ಹೋಗುತ್ತದೆ? ಥರ್ಮೋಕೋಲಿನ ಪೆಟ್ಟಿಗೆಯಲ್ಲಿ. ಮೀನಿಗೆ ಸಾಕಾದದ್ದು ಕ್ರಿಸ್ತುವರಿಗೆ ಸಾಲದೇ? ಹಾಳೆಗಳನ್ನು ತರಿಸಿ ಹಟ್ಟಿಯ ಗೋಡೆಗೆ ಒರಗಿಸಿ ಬಂದೆವು. ಮರುದಿನ ಹೋಗಿ ನೋಡಿದರೆ ಖವಾನೀಜಿನಲ್ಲಿ ಹಿಮ ಬಿದ್ದಿದೆ! ಆಡುಗಳು ಬೇಲಿ ಹಾರಿ ಬಂದು ಒಂದೊಂದು ಹಾಳೆಯನ್ನೂ ಕೊಂಬಿನಿಂದ ತಿವಿದು ಪುಡಿ ಮಾಡಿದ್ದವು. ಬಿಳಿ ಕಾಳುಗಳು ಮರಳಿನ ಮೇಲೆ, ಖರ್ಜೂರದ ಮರದ ಮೇಲೆ, ಆಡುಗಳ ಗಡ್ಡದ ಮೇಲೆ. ಒಂದು ಮುದಿ ಹೋತ ಸಾಂತಾಕ್ಲಾಸಿನ ಹಾಗೆ ನನ್ನನ್ನೇ ನೋಡುತ್ತಾ ನಿಂತಿತ್ತು.

ಮಗಳು ರಿಯಾ, "ಮಮ್ಮಾ, ದಿಸ್ ಈಸ್ ಸೋ ಪ್ರೆಟಿ!" ಎಂದು ಫೋಟೋ ತೆಗೆದಳು. ನಾವು ಇಡೀ ದಿನ ಹಿಮ ಗುಡಿಸಿದೆವು.

ಉಳಿದದ್ದು ಬೆಳ್ಳಿ ಹಾಳೆಯ ಫೋಮ್. ಈ ಸಲ ವೈಜ್ಞಾನಿಕವಾಗಿಯೇ ಹೋದೆ. ಸ್ಟೀಲ್ ಡಬ್ಬಿಯಲ್ಲಿ ಗಂಜಿ ತುಂಬಿ, ಫೋಮ್ ಸುತ್ತಿ, ಬೆಳಗ್ಗೆ ಇಟ್ಟು ಸಂಜೆ ತೆಗೆದೆ. ವಿನ್ಸಿ ಬೆರಳು ಅದ್ದಿ "ಅಯ್ಯೋ ದೇವಾ!" ಅಂದರು. ನನಗೆ ಬೇಕಾದ ಸರ್ಟಿಫಿಕೇಟ್ ಅದೇ.

"ಆದರೆ ನಮಗೆ ಬೇಕಾದದ್ದು ತಂಪಲ್ವಾ ಮಾರಾಯ್ತಿ?" ಬೆರಳು ಊದುತ್ತಾ ಕೇಳಿದರು.

"ಒಳಗಿನ ಬಿಸಿಯನ್ನು ಹೊರಗೆ ಬಿಡದ್ದು ಹೊರಗಿನದ್ದನ್ನು ಒಳಗೆ ಬಿಡ್ತದಾ? ಫ್ಲಾಸ್ಕನ್ನು ಕೇಳಿ ನೋಡಿ."

ಈ ಮಾತು ಸರಿಯೇ ಇತ್ತು. ನನ್ನ ಇಡೀ ಯೋಜನೆಯಲ್ಲಿ ಸರಿಯಿದ್ದ ಮಾತು ಅದೊಂದೇ ಆದ್ದರಿಂದ ಇಲ್ಲಿ ದಾಖಲಿಸುತ್ತಿದ್ದೇನೆ.

ಎರಡು ಪದರ ಹೊಡೆಸಿದೆ. ಗೋಡೆಗೆ, ಮಾಡಿಗೆ, ಬಾಗಿಲಿಗೆ. ಕೆಲಸಕ್ಕೆ ನಮ್ಮ ವಾರ್ಡಿನ, ಅಂದರೆ ಇಗರ್ಜಿಯ ನಮ್ಮ ಗುಂಪಿನ, ಗಂಡಸರೆಲ್ಲ ಬಂದಿದ್ದರು. ಮಾಡಿನಡಿಯ ಗಾಳಿಕಿಂಡಿಗಳ ಹತ್ತಿರ ಬಂದಾಗ ವಿನ್ಸಿ ಏಣಿಯ ಮೇಲಿಂದ ಕೇಳಿದರು, "ಇವನ್ನು ಬಿಡುವುದಾ?"

ಇಲ್ಲಿ ನನ್ನೊಳಗಿನ ಅಡಿಗೆಯವಳು ಎದ್ದು ನಿಂತಳು. ನಾವು ಹಬ್ಬಕ್ಕೆ ಸಾನ್ನಾಂ ಮಾಡುತ್ತೇವೆ. ಇಡ್ಲಿಗೆ ದೊಡ್ಡಕ್ಕ ಎನ್ನಬಹುದು. ಅದನ್ನು ಬೇಯಿಸುವ ಹಬೆಪಾತ್ರೆಗೆ ತೊಂದೂರು ಅನ್ನುತ್ತೇವೆ. ತೊಂದೂರಿನ ಮುಚ್ಚಳದ ಸುತ್ತ ಒಂದು ಕೂದಲಿನಷ್ಟು ಸಂದಿ ಇದ್ದರೂ ಸಾನ್ನಾಂ ಉಬ್ಬುವುದಿಲ್ಲ ಎಂದು ನನಗೆ ಕಲಿಸಿದ್ದು ಇದೇ ಮಾಂಯ್. ಬಟ್ಟೆ ಸುತ್ತಿ, ಮೇಲೆ ಒರಳುಗುಂಡು ಇಟ್ಟು ಬಿಗಿ ಮಾಡುವ ವಂಶ ನಮ್ಮದು.

"ಒಂದು ಕಿಂಡಿಯೂ ಇರಬಾರದು. ಮುಚ್ಚಿ!"

ಮುಚ್ಚಿದರು. ಎರಡು ಏಸಿ ಹಾಕಿ ನೋಡಿದೆವು. ಆಹಾ! ಕೊಡೈಕನಾಲು. ಮಾಂಯ್ ಶಾಲು ಕೇಳಿದರು. ಮನೆಗೆ ಬಂದವರೇ ಸೂಟ್‌ಕೇಸನ್ನು ಕಪಾಟಿನ ಮೇಲೆ ಹತ್ತಿಸಿದರು. ನಾನು ಆ ವಾರವಿಡೀ ಫೋನಿನಲ್ಲಿ ಎಲ್ಲರಿಗೂ ಇನ್ಸುಲೇಷನ್ ಬಗ್ಗೆ ಉಚಿತ ಸಲಹೆ ಕೊಟ್ಟೆ.

ಹಬ್ಬದ ಆದಿತ್ಯವಾರ ಬಂತು. ಊರಿನಿಂದ ಯಾರದೋ ಸೂಟ್‌ಕೇಸಿನಲ್ಲಿ ಬಂದ ತೆನೆಗೆ ಇಗರ್ಜಿಯಲ್ಲಿ ಆಶೀರ್ವಾದ ಆಯಿತು. ವಾರ್ಡಿನವರೆಲ್ಲ ಒಂದು ಬಾಡಿಗೆ ಬಸ್ಸಿನಲ್ಲಿ ಹಾಡು ಹೇಳುತ್ತಾ ತೋಟಕ್ಕೆ ಬಂದರು. ಬಸ್ಸಿನ ಡ್ರೈವರ್ ಸುರತ್ಕಲ್ ಕಡೆಯ ಬ್ಯಾರಿ ಮುಸಲ್ಮಾನ, ಎಲ್ಲರ ಬಾಯಲ್ಲಿ ಹಮೀದಾಕ. ನಾನು ಮುಂಚಿತವಾಗಿಯೇ ಬಂದು ಹಟ್ಟಿಯೊಳಗೆ ಒಂದು ಮೂಲೆಯಲ್ಲಿ ಕರೆಂಟಿನ ದೊಡ್ಡ ಹಬೆಪಾತ್ರೆಗಳನ್ನು ಸಾಲಾಗಿ ಇಟ್ಟಿದ್ದೆ. ಹೊರಗೆ ಇಟ್ಟರೆ ಮರಳು ಹಾರಿ ಬೀಳುತ್ತದೆ. ಹಬ್ಬಕ್ಕೆ ತಣ್ಣಗಿನ ಸಾನ್ನಾಂ ಬಡಿಸುವುದೇ? ನಾನು ಬದುಕಿರುವಾಗ?

ಜನ ಚಾಪೆಯಲ್ಲಿ ಸಾಲಾಗಿ ಕೂತರು. ಬಾಳೆಲೆ ಹಾಕಿ ಆಯಿತು. ಮಾಂಯ್ ಹೊಸಕ್ಕಿ ಬೆರೆಸಿದ ಹಾಲಿನ ಪಾತ್ರೆಯನ್ನು ಮಡಿಲಲ್ಲಿ ಇಟ್ಟುಕೊಂಡು ನಡುವೆ ರಾಣಿಯ ಹಾಗೆ ಕೂತರು. ಹಬೆಪಾತ್ರೆಗಳು ಉಸಿರುಬಿಡತೊಡಗಿದವು.

ಹಬೆಗೆ ಹೋಗಲಿಕ್ಕೆ ಜಾಗ ಎಲ್ಲಿದೆ?

ಮೊದಲು ಕನ್ನಡಕಗಳು ಮಂಜಾದವು. ಆಮೇಲೆ ಎದುರಿನ ಸಾಲಿನವರು ಕಾಣದಾದರು. "ನನ್ನ ಗಂಡ ಎಲ್ಲಿ?" ಎಂದು ಯಾರೋ ಕೇಳಿದರು. "ಕೈ ಹಿಡ್ಕೊಂಡಿದ್ದೀಯಲ್ಲ!" ಎಂದು ಉತ್ತರ ಬಂತು. "ನಾನು ನಿಮ್ಮ ಗಂಡ ಅಲ್ಲ ಬಾಯಮ್ಮ," ಎಂದು ಇನ್ನೊಂದು ದನಿ. ಅಷ್ಟರಲ್ಲಿ ಬೆಳ್ಳಿ ಹಾಳೆಯ ಮಾಡಿನಿಂದ ಒಂದು ಹನಿ ನನ್ನ ಮೂಗಿನ ಮೇಲೆ ಬಿತ್ತು. ಇನ್ನೊಂದು ಬಾಳೆಲೆಯ ಮೇಲೆ. ಮತ್ತೆ ಹನಿ ಎಣಿಸುವ ಅಗತ್ಯ ಇರಲಿಲ್ಲ. ಸೆಪ್ಟೆಂಬರಿನಲ್ಲಿ, ಮರುಭೂಮಿಯಲ್ಲಿ, ಮನೆಯೊಳಗೆ ಮಳೆ ತರಿಸಿದ ಕೀರ್ತಿ ನನ್ನದು!

"ಮಮ್ಮಾ, ವಿ ಆರ್ ದ ಇಡ್ಲೀಸ್," ಎಂದಳು ರಿಯಾ.

ಟಪ್ ಎಂದು ಕರೆಂಟು ಟ್ರಿಪ್ಪಾಯಿತು. ಏಸಿ ಖಲಾಸ್.

ಬಾಗಿಲು ತೆರೆದು ಎಲ್ಲರೂ ಹೊರಗೆ ಓಡಿದರು. ಹೊರಗೆ ಮಧ್ಯಾಹ್ನದ ಬಿಸಿಲು ಕೆಂಡದ ಹಾಗೆ. ಬೆವರಿನಲ್ಲಿ ತೊಯ್ದ ರೇಷ್ಮೆ ಸೀರೆಗಳು, ಕರಗಿದ ಪೌಡರುಗಳು. ಒಬ್ಬೊಬ್ಬರೇ ನಿಧಾನವಾಗಿ, "ಹಾಗಾದರೆ... ಮನೆಗೆ ಪಾರ್ಸೆಲ್..." ಎಂದು ಶುರು ಮಾಡಿದರು. ನಾನು ಮಾಂಯ್ ಕಡೆ ನೋಡಲಿಕ್ಕೇ ಹೆದರಿದೆ. ಕೊನೆಗೆ ನೋಡಿದರೆ ಮಾಂಯ್ ಅಲ್ಲಿಲ್ಲ!

"ಮಾಂಯ್ ಎಲ್ಲಿ?"

ಎಲ್ಲರೂ ಹುಡುಕಿದೆವು. ಬಸ್ಸು ಎಂಜಿನ್ ಚಾಲೂ ಮಾಡಿಕೊಂಡು ಗುಂಯ್ ಎನ್ನುತ್ತಿತ್ತು. ಡ್ರೈವರಿನ ಸೀಟಿನಲ್ಲಿ, ಏಸಿಗೆ ಮುಖ ಒಡ್ಡಿ, ಪಾತ್ರೆಯನ್ನು ಸ್ಟಿಯರಿಂಗಿಗೆ ಒರಗಿಸಿಕೊಂಡು ಮಾಂಯ್ ಕೂತಿದ್ದರು. ಹಮೀದಾಕ ಪಕ್ಕದಲ್ಲಿ ಮೆಟ್ಟಿಲ ಮೇಲೆ ನಿಂತಿದ್ದರು.

"ನಾನೆಂತ ಮಾಡಲಿ ಬಾಯಮ್ಮ," ಎಂದರು ನನಗೆ. "ಏಳಿ ಅಂದರೆ, 'ನಿನ್ನ ತಾಯಿಗೆ ಹೀಗೆ ಹೇಳ್ತೀಯಾ' ಅಂತಾರೆ."

"ಮಾಂಯ್, ಇಳಿಯಿರಿ," ಎಂದರು ವಿನ್ಸಿ.

"ನಾನು ಇಳಿಯುವುದಿಲ್ಲ. ನೀವು ಹತ್ತಿ."

"ಇದು ಬಸ್ಸು!"

"ಇದಕ್ಕೆ ಮಾಡು ಇಲ್ವಾ? ಎಷ್ಟು ಮಾಡು? ಒಂದೇ ಅಲ್ವಾ? ಹತ್ತಿ ಬೇಗ, ಹಾಲು ಒಡೀತದೆ!"

ಹತ್ತಿದೆವು. ಸೀಟಿಗೆ ಮೂವರು, ತೊಡೆಯ ಮೇಲೆ ಮಕ್ಕಳು, ನಡುದಾರಿಯಲ್ಲಿ ನಿಂತವರು. ಮಾಂಯ್ ಡ್ರೈವರಿನ ಸೀಟಿನಿಂದ ಹಿಂದೆ ತಿರುಗಿ ಪ್ರಾರ್ಥನೆ ಹೇಳಿ, ಮೊದಲ ಚಮಚ ಹಮೀದಾಕನ ಅಂಗೈಗೆ ಹಾಕಿದರು. "ಮನೆ ನಿನ್ನದು. ಮೊದಲು ನೀನು." ಹಮೀದಾಕ ಬಿಸ್ಮಿ ಹೇಳಿ ಬಾಯಿಗೆ ಹಾಕಿಕೊಂಡರು. ಪಾತ್ರೆ ಕೈಯಿಂದ ಕೈಗೆ ಹಿಂದಿನ ಸೀಟಿನವರೆಗೆ ಹೋಯಿತು. ಯಾರೋ ಹಾಡು ಎತ್ತಿದರು, ಇಡೀ ಬಸ್ಸು ಅಲುಗಾಡಿತು. ಮಾಂಯ್ ತಾಳಕ್ಕೆ ಸರಿಯಾಗಿ ಹಾರ್ನ್ ಹೊಡೆದರು.

ಹಬೆ ಇಳಿದ ಮೇಲೆ ವಿನ್ಸಿ ಹೋಗಿ ಟ್ರಿಪ್ಪಾದ ಸ್ವಿಚ್ ಎತ್ತಿದರು, ಏಸಿ ಪುನಃ ಚಾಲೂ ಆಯಿತು. ಬಾಗಿಲು ಮುಚ್ಚಲು ಮರೆತರು. ಸಂಜೆ ಅರ್ಬಾಬ್ ಖರ್ಜೂರದ ಪೆಟ್ಟಿಗೆ ಹಿಡಿದು ಶುಭಾಶಯ ಹೇಳಲು ಬಂದಾಗ ಅವರ ಆಡುಗಳೆಲ್ಲ ನಮ್ಮ ಚಾಪೆಗಳ ಮೇಲೆ, ಬೆಳ್ಳಿ ಮಾಡಿನಡಿ, ತಣ್ಣಗೆ ಕಾಲು ಚಾಚಿ ಬಾಳೆಲೆ ಮೆಲ್ಲುತ್ತಿದ್ದವು. ಅರ್ಬಾಬ್ ಬಹಳ ಹೊತ್ತು ನೋಡಿದರು. ಆಮೇಲೆ ವಿನ್ಸಿಯ ಹೆಗಲ ಮೇಲೆ ಕೈ ಇಟ್ಟರು.

"ನಿನ್ನ ಮದಾಂಗೆ ಹೇಳು, ಅಲ್ ಐನಿನಲ್ಲಿ ನನಗೆ ಇನ್ನೊಂದು ಹಟ್ಟಿ ಉಂಟು. ಆಡುಗಳ ಮನಸ್ಸು ಇಷ್ಟು ತಿಳಿದವರನ್ನು ನಾನು ನೋಡಿಲ್ಲ."

ಆ ದಿನ ಬಸ್ಸಿನಲ್ಲೇ ಕೂತು ಉಂಡದ್ದು: ಹರಿವೆ ಪಲ್ಯ, ಬೆಂಡೆ, ಹೀರೆ, ಕೆಸುವಿನ ದಂಟು, ಕಡಲೆ ಸುಕ್ಕ, ಹೆಸರುಬೇಳೆಯ ಪಾಯಸ, ಮತ್ತು ಮುಚ್ಚಳ ಬಿಗಿಯಿದ್ದದ್ದರಿಂದ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಉಬ್ಬಿದ ಸಾನ್ನಾಂ. ಮನೆಗೆ ಮರಳುವಾಗ ಎಲ್ಲರಿಗಿಂತ ಮೊದಲು ಬಾಯಿ ತೆರೆದು ನಿದ್ದೆ ಹೋದದ್ದು ನಾನು ಅಂತ ರಿಯಾ ಹೇಳುತ್ತಾಳೆ. ಶುದ್ಧ ಸುಳ್ಳು. ನಮ್ಮ ಬಸ್ಸು ಗೇಟು ದಾಟುವ ಮೊದಲೇ ಆಡುಗಳು ಮಲಗಿ ಆಗಿತ್ತು.