ಅಮರಪ್ಪನವರ ಗೋಡೆ, ನನ್ನ ಫ್ರೀಜರ್

ಪುಕ್ಕಟೆ ಸಿಗುವ ವಸ್ತುವನ್ನು ಬೇಡವೆನ್ನುವ ಧೈರ್ಯ ನನಗೆ ಈ ವಯಸ್ಸಿನವರೆಗೂ ಬಂದಿಲ್ಲ. ಕೊಡುವವನು ಹೆಂಡತಿಯ ಅಣ್ಣನಾಗಿದ್ದರಂತೂ ಬೇಡವೆನ್ನಲು ಬೇರೆಯೇ ಗುಂಡಿಗೆ ಬೇಕು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮಾನ್ವಿಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ನನ್ನ ಹೆಂಡತಿ ಗಿರಿಜಾಳ ಅಣ್ಣ ರಾಯಚೂರಿನಲ್ಲಿದ್ದ ತನ್ನ ತಂಪುಪಾನೀಯದ ಅಂಗಡಿ ಮುಚ್ಚಿ ಬಟ್ಟೆ ವ್ಯಾಪಾರಕ್ಕೆ ಇಳಿದ. ಬಟ್ಟೆಯನ್ನು ತಣ್ಣಗಿಡುವ ಅಗತ್ಯವಿಲ್ಲವಲ್ಲ. ಅಂಗಡಿಯ ಡೀಪ್ ಫ್ರೀಜರನ್ನು ಲಾರಿಗೆ ಹೇರಿ, "ತಂಗಿ ಮಕ್ಕಳು ತಣ್ಣಗ ಇರಲಿ" ಎಂದು ನಮ್ಮ ಮನೆಗೆ ಕಳಿಸಿಬಿಟ್ಟ.

ಒಬ್ಬ ಮನುಷ್ಯ ಆರಾಮಾಗಿ ಮಲಗಬಹುದಾದಷ್ಟು ಉದ್ದದ, ಮೇಲೆ ಮುಚ್ಚಳವಿದ್ದ ಬಿಳಿ ಪೆಟ್ಟಿಗೆ ಅದು. ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಫ್ರೀಜರ್ ಒಳಗೆ ಬಂದರೆ ನಾನು ಹೊರಗೆ ಮಲಗಬೇಕಾಗುತ್ತಿತ್ತು. ಹಾಗಾಗಿ ಅದು ಹಿತ್ತಲಿನ ಎಮ್ಮೆ ಕೊಟ್ಟಿಗೆ ಸೇರಿತು. ಎಮ್ಮೆಯನ್ನು ಮಾರಿ ವರ್ಷಗಳಾಗಿದ್ದರೂ ಅದರ ವಾಸನೆ ಮಾತ್ರ ಇನ್ನೂ ಜಾಗ ಖಾಲಿ ಮಾಡಿರಲಿಲ್ಲ. ಕೊಟ್ಟಿಗೆಗೂ ಬಚ್ಚಲಿಗೂ ನಡುವೆ ಒಂದೇ ಮಣ್ಣಿನ ಗೋಡೆ. ಬೇಸಿಗೆಯಲ್ಲಿ ಊರಿನ ಬಾವಿಗಳೆಲ್ಲ ಬತ್ತಿದರೂ ಆ ಗೋಡೆ ಬತ್ತುತ್ತಿರಲಿಲ್ಲ.

ಮುಚ್ಚಳ ತೆಗೆದಾಗಲೆಲ್ಲ ಆ ಹಸಿ ಗಾಳಿ ಫ್ರೀಜರಿನೊಳಗೆ ನುಗ್ಗಿ ಹೆಪ್ಪುಗಟ್ಟುತ್ತಿತ್ತು. ಕೆಲವೇ ವಾರಗಳಲ್ಲಿ ಒಳಗೆಲ್ಲ ಗೇಣು ದಪ್ಪದ ಮಂಜುಗಡ್ಡೆ, ನಮ್ಮ ಕಡೆಯ ಮಾತಲ್ಲಿ ಬರ್ಫ್, ಬೆಳೆಯಿತು. ಗಿರಿಜಾ ಮಕ್ಕಳಿಗೆಂದು ಸಕ್ಕರೆ ನೀರಿಗೆ ಕೆಂಪು ಬಣ್ಣ ಬೆರೆಸಿ ಲೋಟಗಳಲ್ಲಿ ಇಟ್ಟಿದ್ದಳು. ಅದು ಐಸೇನೋ ಆಯಿತು, ಆದರೆ ಲೋಟಗಳು ಬರ್ಫಿನೊಳಗೆ ಹೂತುಹೋದವು. ಮಕ್ಕಳು ದಿನಾ ಮುಚ್ಚಳ ತೆಗೆದು, ಸಮಾಧಿಗೆ ಇಣುಕುವವರ ಹಾಗೆ ಇಣುಕಿ ಹೋಗುತ್ತಿದ್ದವು. ಕರೆಂಟ್ ಬಂದ್ ಮಾಡಿ ಕರಗಿಸೋಣವೆಂದರೆ ನೀರೆಲ್ಲ ಗೋಡೆಯ ಬುಡಕ್ಕೇ ಹರಿಯುತ್ತಿತ್ತು.

ಗೋಡೆ ಅಮರಪ್ಪನವರದು. ಅವರು ನಮ್ಮ ಮನೆಯ ಮಾಲೀಕರು. ಹೆಂಡತಿ ಬಸಮ್ಮನೊಂದಿಗೆ ಮುಂದಿನ ಭಾಗದಲ್ಲೇ ಇದ್ದರು. "ನಿಮ್ಮ ಪೆಟ್ಟಿಗಿ ನನ್ನ ಗ್ವಾಡಿ ತಿನ್ನಾಕತ್ತದ ನೋಡ್ರಿ" ಎಂದು ಅವರು. "ನಿಮ್ಮ ಗ್ವಾಡಿನೇ ನನ್ನ ಪೆಟ್ಟಿಗಿ ತಿನ್ನಾಕತ್ತದ್ರೀ" ಎಂದು ನಾನು. ಯಾರನ್ನು ಯಾರು ತಿನ್ನುತ್ತಿದ್ದರೋ, ನಮ್ಮಿಬ್ಬರ ಜಗಳ ಇಡೀ ಓಣಿಗೆ ಬಾಯಿಪಾಠವಾಗಿತ್ತು.

ಒಂದು ಭಾನುವಾರ, ಮೇ ತಿಂಗಳ ನಡುಮಧ್ಯಾಹ್ನ. ಅಮರಪ್ಪನವರು ಕವಿತಾಳದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದವರು, ನೀರೂ ಕುಡಿಯದೆ ನೇರ ಹಿತ್ತಲಿಗೆ ಬಂದರು. ಗೋಡೆಯಿಂದ ಒಂದು ಮಣ್ಣಿನ ಹೆಂಟೆ ಬಿದ್ದಿದೆಯೆಂಬ ಸುದ್ದಿ ಬಾಗಿಲಲ್ಲೇ ಸಿಕ್ಕಿತ್ತು. ನಾನು ಕೊಟ್ಟಿಗೆಯೊಳಗಿದ್ದೆ. "ಒಳಗ ಬರ್ರಿ, ಮಾತಾಡೋಣು" ಎಂದೆ.

"ನಿಮ್ಮ ಥಂಡಿ ನನಗ ಬ್ಯಾಡ! ಇಲ್ಲಿಂದನ ಹೇಳತೀನಿ!"

ಹೇಳಿದರು. ಬರಿದಲೆಯಲ್ಲಿ, ಬಿಸಿಲಲ್ಲಿ ನಿಂತು ಬಹಳ ಹೊತ್ತು ಹೇಳಿದರು. ನಾನು ನೆರಳಲ್ಲಿ ಕೂತು ಒಂದೊಂದಕ್ಕೂ ಉತ್ತರ ಕೊಟ್ಟೆ. ಇದ್ದಕ್ಕಿದ್ದಂತೆ ಅವರ ಮಾತು ತೊದಲಿತು, ಕಣ್ಣು ಮೇಲಾಯಿತು, ಕುಸಿದು ಬಿದ್ದರು. ಮುಟ್ಟಿದರೆ ಮೈ ಕಾದ ಹಂಚು. ಸದ್ದಿಗೆ ಗಿರಿಜಾಳೊಂದಿಗೆ ಓಡಿಬಂದ ಬಸಮ್ಮ ಡಾಕ್ಟರನ್ನು ಕರೆಯಲು ಹೋದರು. ನಾನೂ ಗಿರಿಜಾಳೂ ಅವರನ್ನು ಎತ್ತಿ ಕೊಟ್ಟಿಗೆಯ ಹಸಿ ನೆಲದ ಮೇಲೆ ಮಲಗಿಸಿದೆವು. ಅವರೇನಾದರೂ ಹೋಗಿಬಿಟ್ಟರೆ, ನನ್ನ ಬಾಯಿಯೇ ಕೊಂದಂತಾಗುತ್ತದೆ ಎಂದುಕೊಳ್ಳುತ್ತ ಅವರ ಮುಖವನ್ನೇ ನೋಡುತ್ತ ನಿಂತೆ.

"ನಿಂತೀರಲ್ರೀ, ಬರ್ಫ್ ತೆಗೀರಿ!" ಎಂದು ಗಿರಿಜಾ ಕೂಗಿದಳು.

ಬರ್ಫ್ ಕೈಯಿಂದ ಬರುವಂಥದ್ದಲ್ಲ. ಮೂಲೆಯಲ್ಲಿದ್ದ ಹಾರೆ ತೆಗೆದು ಕುಟ್ಟಿದೆ. ಮತ್ತೆ ಕುಟ್ಟಿದೆ. ಒಳಗೆಲ್ಲೋ 'ಸುಯ್' ಎಂದು ಸದ್ದಾಯಿತು. ಅದನ್ನು ಕೇಳಿಸಿಕೊಳ್ಳುವ ಹೊತ್ತು ಅದಲ್ಲ. ಗಡ್ಡೆಗಳು ಕಳಚಿದವು, ಜೊತೆಗೆ ಮಕ್ಕಳ ಲೋಟಗಳೂ. ಗಿರಿಜಾ ಸಿಕ್ಕಿದ್ದನ್ನೆಲ್ಲ ಟವೆಲಿಗೆ ಸುರಿದು ಅವರ ನೆತ್ತಿಗೆ, ಕುತ್ತಿಗೆಗೆ, ಕಂಕುಳಿಗೆ ಒತ್ತಿದಳು.

ಅಷ್ಟರಲ್ಲಿ ಡಾಕ್ಟರಿಗೆ ಹೇಳಿ ಬಸಮ್ಮ ತಿರುಗಿ ಬಂದರು. ಹಿಂದೆ ಪಕ್ಕದ ಮನೆಯ ಬಳೆ ವ್ಯಾಪಾರಿ ಖಾಜಾಸಾಬರು. ಅವರು ಕಂಡದ್ದಿಷ್ಟು: ಅಮರಪ್ಪನವರು ಕಣ್ಣುಮುಚ್ಚಿ ಬಿದ್ದಿದ್ದಾರೆ, ತಲೆಯಿಂದ ಗಲ್ಲದವರೆಗೆ ಕೆಂಪಗೆ ಧಾರೆ ಇಳಿಯುತ್ತಿದೆ, ನಾನು ಹಾರೆ ಹಿಡಿದು ಏದುಸಿರು ಬಿಡುತ್ತಿದ್ದೇನೆ.

"ಯವ್ವಾ, ಕೊಂದುಬಿಟ್ರಲ್ಲಪ್ಪೋ!" ಎಂದು ಬಸಮ್ಮ ಬಾಯಿ ಬಡಿದುಕೊಂಡರು.

ಖಾಜಾಸಾಬರು ನನ್ನ ಕೈ ಗಟ್ಟಿಯಾಗಿ ಹಿಡಿದರು. "ಅರೇ ಸಾಬ್, ಗ್ವಾಡಿ ಜಗಳಕ್ಕ ಹಾರಿ ಹಿಡೀತಾರೇನ್ರೀ?"

ನನ್ನ ಬಾಯಿಂದ "ಬರ್ಫ್... ಬರ್ಫ್..." ಎಂಬುದರ ಹೊರತು ಏನೂ ಬರಲಿಲ್ಲ. ಹಿತ್ತಲ ತುಂಬ ಜನ. ಆಗ ಅಮರಪ್ಪನವರ ನಾಲಿಗೆ ಮೆಲ್ಲಗೆ ಹೊರಬಂದು ಮೀಸೆಯ ಅಂಚನ್ನು ನೆಕ್ಕಿತು. ಇನ್ನೊಮ್ಮೆ ನೆಕ್ಕಿತು. ಕಣ್ಣು ಅರ್ಧ ತೆರೆಯಿತು.

"ಸಕ್ರಿ ಕಮ್ಮಿ ಆಗ್ಯದ" ಎಂದರು.

"ರೇಷನ್ ಸಕ್ರಿ ಎಷ್ಟು ಕೊಡತಾರ್ರೀ ಯಪ್ಪಾ?" ಎನ್ನುತ್ತ ಗಿರಿಜಾ ಅಳತೊಡಗಿದಳು.

ಆಮೇಲೆ ಬಂದ ಡಾಕ್ಟರು ಸಲೈನ್ ಹಚ್ಚಿ, ಬರ್ಫ್ ಇಲ್ಲದಿದ್ದರೆ ಕಷ್ಟವಿತ್ತು ಎಂದರು. ಖಾಜಾಸಾಬರು ನನ್ನ ಕೈ ಬಿಟ್ಟರು.

ಫ್ರೀಜರ್ ಮಾತ್ರ ಉಳಿಯಲಿಲ್ಲ. ಹಾರೆ ಅದರ ಕೊಳವೆಗೇ ತೂತು ಹಾಕಿತ್ತು. ಆ 'ಸುಯ್' ಎಂದದ್ದು ಅದರ ಗ್ಯಾಸು. ನನಗೆ ಒಳಗೊಳಗೇ ಖುಷಿ; ಗುಜರಿಗೆ ಹಾಕೋಣವೆಂದೆ. ಅಮರಪ್ಪನವರು ಬಿಡಲಿಲ್ಲ. "ಜೀವಾ ಉಳಿಸಿದ್ದನ್ನ ಗುಜರಿಗೆ ಹಾಕ್ತೀರೇನ್ರೀ?" ಎಂದು ಅದಕ್ಕೆ ವಿಭೂತಿ ಬಳಿದು, ಹೂವು ಏರಿಸಿದರು. ಗೋಡೆಯ ಮಾತೇ ಅವರಿಗೆ ಮರೆತುಹೋಯಿತು.

ನನಗೆ ದೇವದುರ್ಗಕ್ಕೆ ವರ್ಗವಾಗಿ ಕೆಲವು ವರ್ಷಗಳ ಮೇಲೆ ಒಮ್ಮೆ ಅವರನ್ನು ನೋಡಲು ಹೋದೆ. ಅಮರಪ್ಪನವರು ಹೊಸ ಬಾಡಿಗೆಯವನಿಗೆ ಕೊಟ್ಟಿಗೆ ತೋರಿಸುತ್ತ, ಪೆಟ್ಟಿಗೆಯ ಮಹಿಮೆಯನ್ನು ವಿಸ್ತಾರವಾಗಿ ಹೇಳುತ್ತಿದ್ದರು. ನನ್ನ ಪಾತ್ರ ಈಗ ಬರುತ್ತದೆ, ಈಗ ಬರುತ್ತದೆ ಎಂದು ನಾನು ಅಂಗಿ ಸರಿಮಾಡಿಕೊಂಡು ನಿಂತೆ. ಕೊನೆಗೂ ಅವರು ನನ್ನತ್ತ ಕೈ ತೋರಿಸಿದರು.

"ಅವತ್ತು ಇವರೂ ಇಲ್ಲೇ ಇದ್ರು" ಎಂದರು.

ಹೊಸಬ ಭಕ್ತಿಯಿಂದ ಪೆಟ್ಟಿಗೆಗೆ ಕೈಮುಗಿದ. ಒಬ್ಬನೇ ಸುಮ್ಮನೆ ನಿಲ್ಲುವುದು ಚೆನ್ನಾಗಿ ಕಾಣುವುದಿಲ್ಲವೆಂದು ನಾನೂ ಮುಗಿದೆ.