ಹತ್ತಿ ಹತ್ತಿ ಎಂದರೆ ಹತ್ತಬಾರದು

ನನಗೊಂದು ಭಾಷೆ ಬರುತ್ತದೆ ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡ ದಿನವೇ ನನಗೆ ಏನಾದರೊಂದು ಎಡವಟ್ಟು ಆಗುತ್ತದೆ. ಜಕಾರ್ತದಲ್ಲಿ ಶುರುವಾದ ಈ ಕಾಟ ಮಿಷಿಗನ್ನಿನ ಟ್ರಾಯ್‌ವರೆಗೂ ಬೆನ್ನು ಹತ್ತಿ ಬಂತು. ಕಳೆದ ಚಳಿಗಾಲ ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ, ನನ್ನ ಮಗಳ ಮದುವೆ ಮಾತುಕತೆಯ ಊಟದ ಮೇಜಿಗೂ ಬಂದು ಕೂತಿತು.

ನಾನು ಮೈಸೂರಿನವನು. ಕಾರಿನ ಬಿಡಿಭಾಗ ತಯಾರಿಸುವ ಕಂಪನಿಯಲ್ಲಿ ಇಂಜಿನಿಯರ್. ಆಫೀಸು ಆಬರ್ನ್ ಹಿಲ್ಸ್, ಮನೆ ಟ್ರಾಯ್, ಮಗಳು ಹುಟ್ಟಿದ್ದೂ ಇಲ್ಲೇ. ಅವಳು ಚಿಕ್ಕವಳಿದ್ದಾಗ ಕಂಪನಿ ನಮ್ಮನ್ನು ಮೂರು ವರ್ಷ ಇಂಡೋನೇಷ್ಯಾಕ್ಕೆ ಕಳಿಸಿತ್ತು. ಅಲ್ಲಿ ಇಳಿದು ನೋಡಿದರೆ ಮುಖಕ್ಕೆ ‘ಮುಕಾ’, ಭೂಮಿಗೆ ‘ಬುಮಿ’, ಭಾಷೆಗೆ ‘ಬಹಾಸಾ’, ಮೇಷ್ಟರಿಗೆ ‘ಗುರು’! ಇವರ ಭಾಷೆ ಅರ್ಧ ಕನ್ನಡವೇ ಎಂದು ಮೊದಲ ವಾರವೇ ತೀರ್ಮಾನಿಸಿಬಿಟ್ಟೆ.

“ಅದು ಸಂಸ್ಕೃತ ಕಣ್ರೀ” ಅಂದಳು ಹೆಂಡತಿ.

“ಸಂಸ್ಕೃತವೇ ಇರಲಿ. ಹಡಗು ಹತ್ತಿದ್ದು ನಮ್ಮ ಕಡೆಯಿಂದ” ಅಂದೆ. ಇದಕ್ಕೆ ನನ್ನ ಹತ್ತಿರ ಆಧಾರವೇನೂ ಇರಲಿಲ್ಲ, ಈಗಲೂ ಇಲ್ಲ. ಆದರೆ ಹೆಮ್ಮೆ ಮಾತ್ರ ಅವತ್ತಿನಿಂದ ಒಂದು ಡಿಗ್ರಿಯೂ ಇಳಿದಿಲ್ಲ.

೧. ಹೊಸ ಮೆಟ್ಟಿಲು

ಜಕಾರ್ತದ ಹೊರವಲಯದಲ್ಲಿ ನಮ್ಮ ಕಾರ್ಖಾನೆ. ನಾನು ಅಲ್ಲಿಗೆ ಹೋದ ಹೊಸದರಲ್ಲಿ ಆಫೀಸಿಗೆ ಹೊಸ ಮೆಟ್ಟಿಲು ಕಟ್ಟುತ್ತಿದ್ದರು. ಬೆಳಿಗ್ಗೆ ಬ್ಯಾಗು ಹಿಡಿದು ಬರುತ್ತಿದ್ದ ಹಾಗೇ ಗೇಟಿನ ಕಾವಲುಗಾರ ಎದ್ದು ನಿಂತು, ಮೆಟ್ಟಿಲ ಕಡೆ ಕೈ ತೋರಿಸಿ, “ಹಾತಿ ಹಾತಿ” ಎಂದ.

ನಾನು ಕಾಲೇಜು ಓದಿದ್ದು ಬೆಂಗಳೂರಿನಲ್ಲಿ, ಓಡಾಡಿದ್ದು ಸಿಟಿ ಬಸ್ಸಿನಲ್ಲಿ. ಯಾರಾದರೂ ಕೈ ಬೀಸಿ ‘ಹತ್ತಿ ಹತ್ತಿ’ ಎಂದು ಕೂಗಿದರೆ ಕಾಲು ನನ್ನನ್ನು ಕೇಳುವುದಿಲ್ಲ. ಹತ್ತಿದೆ. ಅವನು ಗಾಬರಿಯಿಂದ ಇನ್ನೂ ಜೋರಾಗಿ “ಹಾತಿ ಹಾತಿ” ಅಂದ. ತಡಮಾಡಿದರೆ ಬಾಗಿಲು ಹಾಕುತ್ತಾರೇನೋ ಎಂದು ನಾನು ಇನ್ನೂ ಬೇಗ ಹತ್ತಿದೆ. ಅವನು ಶಿಳ್ಳೆ ಊದಿದ. ಬೆಂಗಳೂರಿನ ಬಸ್ಸಿನಲ್ಲಿ ಅದಕ್ಕೂ ಒಂದು ಅರ್ಥವಿದೆ. ಎರಡೆರಡು ಮೆಟ್ಟಿಲು ಹಾರಿ ಮೇಲೆ ತಲುಪಿ ಹಿಂತಿರುಗಿ ನೋಡಿದೆ. ಹಸಿ ಸಿಮೆಂಟಿನಲ್ಲಿ ಕೆಳಗಿನಿಂದ ಮೇಲಿನವರೆಗೂ ನನ್ನ ಬೂಟಿನ ಗುರುತು.

ಅವರ ಭಾಷೆಯಲ್ಲಿ ‘ಹಾತಿ ಹಾತಿ’ ಎಂದರೆ ‘ಹುಷಾರು, ಜೋಪಾನ’ ಎಂದು ಮ್ಯಾನೇಜರು ತಾಳ್ಮೆಯಿಂದ ತಿಳಿಸಿದರು. ಸಂಜೆ ನಾನು ಕೆಳಗಿಳಿಯುವಷ್ಟರಲ್ಲಿ ಸಿಮೆಂಟು ಗಟ್ಟಿಯಾಗಿತ್ತು, ಗುರುತು ಹೋಗಲಿಲ್ಲ. ಇಂಡೋನೇಷ್ಯಾದಲ್ಲಿ ಕನ್ನಡಿಗರು ಹೆಜ್ಜೆ ಗುರುತು ಮೂಡಿಸಿದ್ದಾರೆ ಎಂದು ಯಾರಾದರೂ ವೇದಿಕೆ ಮೇಲೆ ಭಾಷಣ ಮಾಡಿದರೆ ಈಗಲೂ ನಾನೇ ಮೊದಲು ಚಪ್ಪಾಳೆ ತಟ್ಟುತ್ತೇನೆ.

೨. ಎಲ್ಲಾ ಕೇಳಿ ತಿಳಿದುಕೊಳ್ಳುವ ಮಗು

ಅದೇ ಊರಿನ ಒಂದು ದೊಡ್ಡ ಅಂಗಡಿಯಲ್ಲಿ ಮಗಳು ನನ್ನ ಕೈ ತಪ್ಪಿಸಿಕೊಂಡಳು. ಅವಳು ಅಂಗಡಿಯ ಇನ್ನೊಂದು ತುದಿಯಲ್ಲಿ “ಅಪ್ಪಾ? ಅಪ್ಪಾ?” ಎನ್ನುತ್ತಾ ನನ್ನನ್ನು ಹುಡುಕುತ್ತಿದ್ದಳಂತೆ. ಇಂಡೋನೇಷ್ಯಾದವರ ಮಾತಿನಲ್ಲಿ ‘ಅಪಾ’ ಎಂದರೆ ‘ಏನು?’ ಎಂಬ ಪ್ರಶ್ನೆ.

ಅಂಗಡಿಯ ಹುಡುಗಿಯರು ಬಲು ಒಳ್ಳೆಯವರು. ಮಗು “ಅಪ್ಪಾ?” ಎಂದು ಕೇಳಿದಾಗ ಅವಳ ಪಕ್ಕದಲ್ಲಿದ್ದ ಕೊಡೆ ತೋರಿಸಿ ಅದರ ಹೆಸರು ಹೇಳಿದರು. ಮತ್ತೆ “ಅಪ್ಪಾ?” ಅಂದಾಗ ಚಪ್ಪಲಿ ತೋರಿಸಿದರು. ಆಮೇಲೆ ಸೋಪು, ಬಕೆಟ್ಟು, ಬಾಚಣಿಗೆ. ನಾನು ಬೆವರು ಒರೆಸಿಕೊಳ್ಳುತ್ತಾ ಓಡಿ ಬಂದಾಗ ಮಗಳು ಅಳು ಮರೆತು ಬಕೆಟ್ಟಿನ ಹೆಸರನ್ನು ಉರು ಹೊಡೆಯುತ್ತಿದ್ದಳು. ಹುಡುಗಿಯೊಬ್ಬಳು ನನ್ನನ್ನು ಬೇರೆ ಕರೆದು, ನಿಮ್ಮ ಮಗಳು ತುಂಬಾ ಬುದ್ಧಿವಂತೆ, ಕಂಡದ್ದನ್ನೆಲ್ಲಾ ಏನು ಏನು ಎಂದು ಕೇಳಿ ತಿಳಿದುಕೊಳ್ಳುತ್ತಾಳೆ ಎಂದಳು. ನಾನು ನಿಜ ಹೇಳಲಿಲ್ಲ. ಮಗಳನ್ನು ಹೊಗಳಿದಾಗ ತಿದ್ದುವ ಅಪ್ಪ ನಾನಲ್ಲ.

೩. ಟ್ರಾಯ್‌ನ ಫ್ರೀಜರು

ಮಿಷಿಗನ್ನಿಗೆ ಮರಳಿದ ಮೇಲೆ ಈ ಕಾಟ ಮುಗಿಯಿತು ಅಂದುಕೊಂಡಿದ್ದೆ. ನಮ್ಮ ಬಡಾವಣೆಯಲ್ಲಿ ಮಗನ ಮನೆಗೆ ಬಂದಿದ್ದ ಧಾರವಾಡದ ಹಿರಿಯರೊಬ್ಬರಿದ್ದರು. ಕಾರಿಲ್ಲದೆ ಇಲ್ಲಿ ಮೂಲೆಯ ಅಂಗಡಿಗೂ ಹೋಗುವಂತಿಲ್ಲವಲ್ಲ, ಹಾಗಾಗಿ ತರಕಾರಿಗೆ ಹೊರಟಾಗಲೆಲ್ಲ ಅವರನ್ನೂ ಕರೆದುಕೊಂಡು ಹೋಗುತ್ತಿದ್ದೆ. ಒಂದು ದಿನ ಏಷ್ಯನ್ ಅಂಗಡಿಯಲ್ಲಿ ಫ್ರೀಜರಿನ ಮುಂದೆ ನಿಂತವರು ಕದಲಲೇ ಇಲ್ಲ. ಕೈಯಲ್ಲೊಂದು ಇಂಡೋನೇಷ್ಯಾದ ಪಾಕೀಟು. ಅದರ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ‘ರೋಟಿ ಬೇಕು’ ಎಂದು ಅಚ್ಚಾಗಿತ್ತು.

“ನೋಡ್ರಿ, ನಮ್ಮ ಕನ್ನಡ ಎಲ್ಲೀತನಕ ಬಂದೈತಿ” ಎಂದರು. ಕಣ್ಣಲ್ಲಿ ನೀರಿತ್ತು.

ಅವರ ಸಂತೋಷ ಕೆಡಿಸಲು ಮನಸ್ಸಿರಲಿಲ್ಲ. ಆದರೆ ನನಗೆ ಭಾಷೆ ಬರುತ್ತದಲ್ಲ, ಸುಮ್ಮನಿರಲಾಗಲಿಲ್ಲ. ಇಂಡೋನೇಷ್ಯಾದವರ ಮಾತಿನಲ್ಲಿ ‘ಬೇಕು’ ಅಂದರೆ ಹೆಪ್ಪುಗಟ್ಟಿದ್ದು ಅಂಕಲ್, ಫ್ರೋಜನ್, ಎಂದು ಬಿಡಿಸಿ ಹೇಳಿದೆ. ಹಿರಿಯರು ಪಾಕೀಟನ್ನು ತಿರುಗಿಸಿ ನೋಡಿದರು. ಕಿಟಕಿಯಾಚೆ ಪಾರ್ಕಿಂಗ್ ಲಾಟಿನಲ್ಲಿ ಗುಡ್ಡೆ ಹಾಕಿದ್ದ ಹಿಮ ನೋಡಿದರು. ತಮ್ಮ ಕೈಗವಸು ನೋಡಿಕೊಂಡರು. ಆಮೇಲೆ ಶಾಂತವಾಗಿ ಕೇಳಿದರು:

“ಹಂಗಾರ ‘ಬ್ಯಾಡ’ ಅಂದ್ರ ಬಿಸೀದು ಏನ್ರಿ? ಅದು ಯಾವ ಸಾಲಿನಾಗ ಇಟ್ಟಾರ?”

೪. ಪದಗಳ ಬಗ್ಗೆ ಒಂದು ಪದವೂ ಬೇಡ

ಬಕೆಟ್ಟಿನ ಹೆಸರು ಉರು ಹೊಡೆದ ಮಗಳು ಬೆಳೆದು ಶಿಕಾಗೋದಲ್ಲಿ ಕೆಲಸಕ್ಕೆ ಸೇರಿದಳು. ಒಂದು ಭಾನುವಾರ ಫೋನು ಮಾಡಿ, ನಾನೊಬ್ಬ ಹುಡುಗನನ್ನು ಮದುವೆಯಾಗಬೇಕು ಅಂತಿದ್ದೀನಿ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಹುಡುಗ ನೇಪರ್‌ವಿಲ್‌ನಲ್ಲಿ ಬೆಳೆದವನು, ಅವನ ಅಪ್ಪ ಅಮ್ಮ ಇಂಡೋನೇಷ್ಯಾದ ಜಾವಾದಿಂದ ಬಂದವರು. ಜಾತಿ, ಧರ್ಮ, ಊರಿನವರು ಏನಂದಾರು, ಈ ಜಗಳವನ್ನೆಲ್ಲಾ ನಾನೂ ನನ್ನ ಹೆಂಡತಿಯೂ ನಮ್ಮ ನಮ್ಮಲ್ಲೇ ಆಡಿ ಮುಗಿಸಿದೆವು. ಹುಡುಗ ಒಳ್ಳೆಯವನು, ನಮಗೆ ಒಪ್ಪಿಗೆಯಾಯಿತು. ಉಳಿದದ್ದು ಹುಡುಗನ ಅಮ್ಮನ ಒಪ್ಪಿಗೆ. ಆಕೆ ಇನ್ನೂ ಹೂಂ ಅಂದಿರಲಿಲ್ಲ. ನಮ್ಮನ್ನು ಊಟಕ್ಕೆ ಕರೆದು, ನೋಡಿ, ಆಮೇಲೆ ಹೇಳುತ್ತೇನೆ ಅಂದಿದ್ದರು.

ಮಗಳು ನನ್ನೊಬ್ಬನಿಗೇ ಬೇರೆಯಾಗಿ ಫೋನು ಮಾಡಿದಳು. “ಅಪ್ಪಾ, ಪ್ರಾಮಿಸ್ ಮೀ. ನಾಟ್ ಒನ್ ವರ್ಡ್ ಅಬೌಟ್ ವರ್ಡ್ಸ್.” ಎಂದರೆ, ಅವರ ಭಾಷೆ ನಮ್ಮಿಂದ ಹೋಯಿತು ಎಂಬ ನನ್ನ ಉಪನ್ಯಾಸ ಅಲ್ಲಿ ಕೂಡದು. ಮಾತು ಕೊಟ್ಟೆ. ಟ್ರಾಯ್‌ನಿಂದ ನೇಪರ್‌ವಿಲ್‌ವರೆಗೆ ಹಿಮದಲ್ಲಿ ಡ್ರೈವ್ ಮಾಡುವಾಗ ಪ್ರತಿ ಎಕ್ಸಿಟ್ಟಿಗೂ ಹೆಂಡತಿ ಅದನ್ನೇ ನೆನಪಿಸಿದಳು.

ಮೇಜಿಗೆ ಕೂತ ಕೂಡಲೇ ಪರೀಕ್ಷೆ ಶುರುವಾಯಿತು. ಹುಡುಗನ ಅಮ್ಮ ತಮ್ಮ ಗಂಡನನ್ನು ತೋರಿಸಿ, ಇವರು ನನ್ನ ‘ಸುವಾಮಿ’ ಅಂದರು. ಅವರ ಭಾಷೆಯಲ್ಲಿ ಗಂಡನಿಗೆ ಹಾಗೇ ಅನ್ನುತ್ತಾರೆ. ಸ್ವಾಮಿ! ನನ್ನ ನಾಲಿಗೆ ತುದಿಗೆ ಬಂದದ್ದನ್ನು ನೀರು ಕುಡಿದು ಒಳಗೆ ಕಳಿಸಿದೆ. ಆತ ಊರಿನ ಸುದ್ದಿ ತೆಗೆದರು. ಜಕಾರ್ತ ಮುಳುಗುತ್ತಿದೆ, ಕಾಡಿನ ನಡುವೆ ಹೊಸ ರಾಜಧಾನಿ ಕಟ್ಟುತ್ತಿದ್ದಾರೆ, ಹೆಸರು ‘ನುಸಂತರ’ ಎಂದರು. ಅದರಲ್ಲಿ ನಮ್ಮ ‘ಅಂತರ’ ಕಾಲು ಚಾಚಿ ಕೂತಿದೆ. ನಾನು ಮತ್ತೆ ನೀರು ಕುಡಿದೆ, ಅಲ್ಲಿ ಟ್ರಾಫಿಕ್ ಹೇಗಿದೆ ಎಂದಷ್ಟೇ ಕೇಳಿದೆ. ಆಕೆ ‘ರಸಾ’ ಹೇಗಿದೆ ಎಂದು ಅಡುಗೆಯ ರುಚಿ ವಿಚಾರಿಸಿದಾಗ ಇನ್ನೊಂದು ಲೋಟ. ಖಾರ ಜಾಸ್ತಿಯಾಯಿತೇನೋ ಎಂದು ಪಾಪ ಆಕೆ ನನ್ನ ಮುಂದೆ ನೀರಿನ ಜಗ್ಗನ್ನೇ ಇಟ್ಟರು.

ನನ್ನ ಒದ್ದಾಟ ನೋಡಲಾಗದೆ ಹೆಂಡತಿ ಮೆಲ್ಲಗೆ ಕನ್ನಡದಲ್ಲಿ, “ಮುಖ ಯಾಕೆ ಹಾಗೆ ಮಾಡ್ಕೊಂಡಿದೀರಾ?” ಅಂದಳು. ಹುಡುಗನ ಅಮ್ಮನ ಕಿವಿ ನೆಟ್ಟಗಾಯಿತು. ಮುಕಾ? ನೀವೂ ಮುಕಾ ಅಂತೀರಾ? ಭೂಮಿಗೆ ಏನಂತೀರಿ? ಮೇಷ್ಟರಿಗೆ? ಹೆಂಡತಿ ವಿಧಿಯಿಲ್ಲದೆ ಒಂದೊಂದೇ ಹೇಳಿದಳು. ಆಕೆಯ ಸಂತೋಷ ಹೇಳತೀರದು. ಎಲ್ಲರಿಗೂ ಅರ್ಥವಾಗಲಿ ಎಂದು ಇಂಗ್ಲಿಷಿನಲ್ಲೇ ಗಂಡನಿಗೆ ಹೇಳಿದರು: “ನೋಡಿ, ನಮ್ಮ ಭಾಷೆ ಎಲ್ಲಿಯವರೆಗೆ ಹೋಗಿದೆ. ನಮ್ಮ ನಾವಿಕರು ಹೋಗಿ ಇವರಿಗೆ ಕಲಿಸಿದ್ದಾರೆ.”

ನಾನು ನೀರಿಗೆ ಕೈ ಚಾಚಿದೆ. ಜಗ್ಗು ಖಾಲಿಯಾಗಿತ್ತು. ಕೊಟ್ಟ ಮಾತು ಒಂದು ಕಡೆ, ಕನ್ನಡ ಒಂದು ಕಡೆ. ಮಗಳ ಮದುವೆ ದೊಡ್ಡದು ಎಂದು ಗಟ್ಟಿ ಮನಸ್ಸು ಮಾಡಿ, “ಹೌದು, ಇರಬಹುದು” ಎಂದೆ. ಜೀವನದಲ್ಲಿ ಅಷ್ಟು ಕಷ್ಟದ ಮಾತು ಇನ್ನೊಂದು ಆಡಿಲ್ಲ.

ಠಣ್ ಎಂದು ಚಮಚ ತಟ್ಟೆಗೆ ಬಿತ್ತು. ಕೆಳಗಿಟ್ಟವಳು ನನ್ನ ಮಗಳು.

“ಸಾರಿ ಆಂಟಿ, ಬಟ್ ಇಟ್ ವೆಂಟ್ ದಿ ಅದರ್ ವೇ” ಎಂದು ಶುರು ಮಾಡಿದಳು. ಮುಖ, ಭೂಮಿ, ಗುರು, ಸ್ವಾಮಿ, ಅಂತರ, ನಾನು ನೀರಿನ ಜೊತೆ ನುಂಗಿದ್ದೆಲ್ಲವನ್ನೂ ಅವಳು ಒಂದೊಂದಾಗಿ ಹೊರಗೆ ತೆಗೆದಳು. ನನ್ನ ಉಪನ್ಯಾಸವೇ, ನನ್ನದೇ ಕ್ರಮದಲ್ಲಿ, ಬೆರಳೆತ್ತುವ ರೀತಿಯೂ ನನ್ನದೇ. ಅದು ಸಂಸ್ಕೃತ ಅಲ್ಲವಾ ಎಂದು ಹುಡುಗ ಮೆಲ್ಲಗೆ ಕೇಳಿದ್ದಕ್ಕೆ, ಮನೆಯಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು ಅವನತ್ತ ತಿರುಗಿ ಅಚ್ಚ ಕನ್ನಡದಲ್ಲಿ ಹೇಳಿದಳು: “ಸಂಸ್ಕೃತಾನೇ ಇರ್ಲಿ. ಹಡಗು ಹತ್ತಿದ್ದು ನಮ್ಮ ಕಡೆಯಿಂದ.”

ನನ್ನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಇವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದಾಳೆ, ನನ್ನ ಮಾತು ಗೋಡೆಗೆ ಹೇಳಿದ ಹಾಗೆ ಎಂದುಕೊಂಡಿದ್ದೆ. ಮದುವೆ ಮುರಿದರೂ ಮುರಿಯಲಿ ಎಂದು ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ. ಮರುಕ್ಷಣವೇ ಮಗಳ ಬಿಳಿಚಿದ ಮುಖ ನೋಡಿ ಮತ್ತೆ ಆ ಖಾಲಿ ಜಗ್ಗಿಗೇ ಕೈ ಹಾಕಿದೆ.

ಹುಡುಗನ ಅಮ್ಮ ನನ್ನ ಮಗಳನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿದರು. ಆಮೇಲೆ ನಿಧಾನವಾಗಿ ಮಗನ ಕಡೆ ತಿರುಗಿ, ನಗು ತಡೆಯಲಾಗದೆ ಎರಡೇ ಮಾತು ಹೇಳಿದರು: “ಹಾತಿ ಹಾತಿ.”

ಈ ಹುಡುಗಿಯ ಹತ್ತಿರ ಹುಷಾರು ಮಗನೇ, ಎಂದರ್ಥ. ಆಕೆಯ ಸುವಾಮಿ ಮೇಜು ತಟ್ಟಿ ನಕ್ಕರು. ಒಪ್ಪಿಗೆ ಸಿಕ್ಕಿತು ಎಂದು ಎಲ್ಲರಿಗೂ ತಿಳಿಯಿತು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನು. ಹುಡುಗನಿಗೆ ಅನುಮಾನ ಬಂದು, ಅಂಕಲ್, ಇದಕ್ಕೂ ಕನ್ನಡದಲ್ಲಿ ಏನಾದರೂ ಅರ್ಥ ಇದೆಯಾ ಎಂದು ಕೇಳಿದ.

ನಾನು ಮಗಳ ಮುಖ ನೋಡಿದೆ. ಹೇಳಿ ಎಂಬಂತೆ ತಲೆಯಾಡಿಸಿದಳು.

“ಇದೆಯಪ್ಪಾ,” ಅಂದೆ. “ಒಳಗೆ ಜಾಗ ಇದೆ, ಬೇಗ ಹತ್ತಿಕೋ ಅಂತ.”