ಪರದೆಯ ಹಿಂದೆ ಕೂತು ನೋಡಿದ ಕಾಯಿಲೆ

"ನಮ್ಮನೆ ಹುಡುಗಿ ಬಿ.ಎ. ಪಾಸಾಗೋದು, ನಮ್ಮ ಹುಣಸೇಮರ ಮಾವು ಬಿಡೋದು, ಎರಡೂ ಒಂದೇ ದಿನ" ಎಂದು ಬೀರೂರಿನ ಪಕ್ಕದ ನಮ್ಮ ಹಳ್ಳಿಯ ಜಗುಲಿ ಮೇಲೆ ಕೂತು ಸಾರಿದವರು ನನ್ನ ಸೋದರಮಾವ. ನಾನು ಪಾಸಾದೆ. ಮನೆಯ ಗಂಡಸರೇ ಹೆಬ್ಬೆಟ್ಟು ಒತ್ತುತ್ತಿದ್ದ ಕಾಲದಲ್ಲಿ ಪಾಸಾದೆ ಎಂದು ಈಗಲೂ ಎದೆಯುಬ್ಬಿಸಿಯೇ ಹೇಳುತ್ತೇನೆ. ಆದರೆ ಪರೀಕ್ಷೆ ದಾಟಿದಷ್ಟು ಸುಲಭವಾಗಿ ಅವ್ವನನ್ನು ದಾಟಲಾಗಲಿಲ್ಲ. ತರೀಕೆರೆಯ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತ್ತು; ಸೋಮವಾರ ಸರ್ಟಿಫಿಕೇಟು ತೋರಿಸಿ ಸೇರಬೇಕು. ಅದಿದ್ದದ್ದು ಅವ್ವನ ಟ್ರಂಕಿನಲ್ಲಿ, ಬೀಗದ ಕೈ ಅವ್ವನ ಸೊಂಟದಲ್ಲಿ, ಅವ್ವ ಹಾಸಿಗೆಯಲ್ಲಿ. ಅಪ್ಪ ಹೋದಮೇಲೆ ಮನೆಗೆ ನಾವಿಬ್ಬರೇ. ನಾನು ಊರು ಬಿಡುವ ಮಾತೆತ್ತಿದಾಗಲೆಲ್ಲ ಅವಳಿಗೆ ಎದೆನೋವು.

ಆ ವಾರವೇ ಬೀರೂರಿಗೆ ಮೂಕಿ ಚಿತ್ರದ ಡೇರೆ ಬಂತು. ಎದೆನೋವು ಒಂದು ಸಂಜೆಯ ಮಟ್ಟಿಗೆ ರಜ ತೆಗೆದುಕೊಂಡಿತು. ಗಾಡಿ ಕಟ್ಟಿಸಿಕೊಂಡು ಹೋದೆವು. ಹೆಂಗಸರಿಗೆ ಜಾಗ ಪರದೆಯ ಹಿಂದುಗಡೆ. ಬಟ್ಟೆಗೆ ನೀರು ಚಿಮುಕಿಸಿದರೆ ಚಿತ್ರ ಈಚೆಗೂ ಚೆನ್ನಾಗಿ ಕಾಣುತ್ತದೆ, ಮಾತಿನ ಬದಲು ನಡುನಡುವೆ ಬರುವ ಇಂಗ್ಲಿಷ್ ಅಕ್ಷರ ಮಾತ್ರ ಎಡಬಲ ತಿರುಗಿ. "ಏನವ್ವಾ ಬಿ.ಎ., ಏನ್ ಬರ್ದವ್ರೆ ಓದಿ ಹೇಳು" ಎಂದರು ಪಕ್ಕದವರು. ನಾನು ಮೊದಲ ಪದ ಕೂಡಿಸುವಷ್ಟರಲ್ಲಿ ಬರಹ ಮಾಯ. "ಮೈಸೂರಲ್ಲಿ ಕಲ್ತಿದ್ದು ಇಷ್ಟೇನಾ?" ಎಂದಿತೊಂದು ದನಿ.

ಕಥೆ ಯಾವುದೋ ಪರಂಗಿ ದೇಶದ್ದು. ಮಗಳು ಊರು ಬಿಟ್ಟು ಹೊರಡಲು ಪೆಟ್ಟಿಗೆ ಕಟ್ಟಿದೊಡನೆ ತಾಯಿ ಮಂಚದ ಮೇಲೆ ಬಿದ್ದು ನರಳುತ್ತಾಳೆ. ಅವ್ವನ ಮನಸ್ಸಿಗೆ ನೋವಾಗದಿರಲೆಂದು, "ಪಾಪ, ತಾಯಿಗೆ ನಿಜವಾಗ್ಲೂ ಕಾಯಿಲೆ ಅಂತ ಬರೆದಿದೆ" ಎಂದು ಸುಳ್ಳೇ ಓದಿಬಿಟ್ಟೆ.

"ಸುಮ್ನಿರೇ, ಅವಳಿಗೇನಾಗದೆ? ಗುಂಡುಕಲ್ಲಿನಂಗವಳೆ. ಈ ನರಳಾಟ ನಂಗೊತ್ತಿಲ್ವಾ?" ಎಂದಳು ಅವ್ವ.

ಚಿತ್ರದ ಮಗಳೂ ಕಡಿಮೆಯವಳಲ್ಲ. ಬಡಗಿಯನ್ನು ಕರೆಸಿ, ತಾಯಿ ಮಲಗಿದ್ದಂತೆಯೇ ಶವಪೆಟ್ಟಿಗೆಗೆ ಅಳತೆ ತೆಗೆಸಿದಳು. ಕಣ್ಣು ಮುಚ್ಚಿದ್ದ ತಾಯಿ, ಅಳತೆಯ ದಾರ ಅಂಗಾಲಿಗೆ ಬಂದಾಗ ಕಚಗುಳಿ ತಾಳಲಾರದೆ ಎದ್ದು ದಿಂಬು ಬೀಸಿದಳು. ಡೇರೆಗೆ ಡೇರೆಯೇ ಬಿದ್ದು ಬಿದ್ದು ನಕ್ಕಿತು. ನಾನು ನಗು ನುಂಗಿಕೊಂಡು ಅವ್ವನ ಕಡೆ ನೋಡಿದೆ. ಅವಳೂ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಕಣ್ಣಲ್ಲಿ ನೀರೂ ಇತ್ತು.

"ಅವಳಿಗೆ ಸಾಯೋ ಭಯ ಅಲ್ಲ ಕಣೇ," ಎಂದಳು. "ಒಬ್ಬಳೇ ಕೂತು ಉಣ್ಣೋ ಭಯ."

ಬಿ.ಎ. ಆದಾಗಿನಿಂದ ನಾನು ಊರವರಿಂದ ಬೆನ್ನು ತಟ್ಟಿಸಿಕೊಳ್ಳುವುದರಲ್ಲೇ ಮುಳುಗಿದ್ದೆ; ನಾನು ಹೋದರೆ ಅವ್ವ ಒಬ್ಬಳೇ ಉಣ್ಣಬೇಕೆಂಬುದು ಹೊಳೆದೇ ಇರಲಿಲ್ಲ.

ಬೆಳಿಗ್ಗೆ ಅವ್ವ ಟ್ರಂಕು ತೆರೆದು ಸರ್ಟಿಫಿಕೇಟನ್ನು ನನ್ನ ಕೈಗಿಟ್ಟಳು. ನಾನು ಗಂಟಲು ಸರಿಮಾಡಿಕೊಂಡು ಭಾಷಣ ಶುರುಮಾಡುವಷ್ಟರಲ್ಲಿ ತಡೆದಳು:

"ಸಾಕು, ಹೊರಡು. ತರೀಕೆರೇಲಿ ಮನೆ ಹಿಡಿದ್ಮೇಲೆ ಹೇಳಿ ಕಳ್ಸು. ಇನ್ಮೇಲೆ ಎದೆನೋವು ಬಂದ್ರೆ ಅಲ್ಲೇ ಬಂದು ಮಲಗ್ತೀನಿ. ಅಷ್ಟ್ರಲ್ಲಿ ಗಂಜಿ ಕಾಯ್ಸೋದಾದ್ರೂ ಕಲ್ತ್ಕೋ. ಬಿ.ಎ.ಲಿ ಅದನ್ನ ಹೇಳ್ಕೊಟ್ಟಂಗಿಲ್ಲ."